ಕೊಡಸಿಗೆ: ಹೂವಿಗಾಗಿ ಸಾಕಿದ ಗಿಡ

ಔಷಧದ ಗಿಡವೊಂದನ್ನು ಮನೆಯ ಹತ್ತಿರ ನೆಡಬೇಕೆಂದುಕೊಂಡವರು ಮಣ್ಣು, ನೀರು, ಗೊಬ್ಬರಗಳ ಯೋಚನೆಗಿಂತ ಮೊದಲು ಆ ಗಿಡದಿಂದ ತಾವು ಏನನ್ನು ತೆಗೆದುಕೊಳ್ಳಲಿದ್ದೇವೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು ಎಂದು ನನಗೆ ಈಚೆಗೆ ಬಲವಾಗಿ ಅನ್ನಿಸುತ್ತಿದೆ. ಎಲೆ ಕೊಯ್ಯುವ ಗಿಡವನ್ನು ಸಾಕುವ ರೀತಿ ಬೇರೆ, ಬೇರು ಅಗೆಯುವ ಗಿಡದ್ದು ಬೇರೆ, ತೊಗಟೆ ಸುಲಿಯುವ ಗಿಡದ್ದು ಇನ್ನೂ ಬೇರೆ. ನಮ್ಮ ಮಲೆನಾಡಿನ ಕೊಡಸಿಗೆಯ ವಿಷಯದಲ್ಲಂತೂ ಈ ತೀರ್ಮಾನವೇ ಗಿಡದ ಆಯುಷ್ಯವನ್ನು ನಿರ್ಧರಿಸುತ್ತದೆ. ವೈದ್ಯರಿಗೆ ಬೇಕಾದದ್ದು ಅದರ ತೊಗಟೆ ಮತ್ತು ಬೀಜ; ಅಡುಗೆಮನೆಗೆ ಬೇಕಾದದ್ದು ಹೂವು. ಹೂವು ಕೊಯ್ದರೆ ಗಿಡಕ್ಕೆ ನೋವಿಲ್ಲ, ತೊಗಟೆಯನ್ನು ತಿಳಿಯದೆ ಸುಲಿದರೆ ಗಿಡವೇ ಇಲ್ಲ. ನಾನು ಸಾಗರದ ಕಡೆಯ ಒಂದು ಹಳ್ಳಿಯಲ್ಲಿ, ಅಡಿಕೆ ತೋಟದ ಮೇಲಿನ ಧರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಕೊಡಸಿಗೆಯನ್ನು ಬೆಳೆಸುತ್ತಿರುವುದು ಹೂವಿಗಾಗಿ. ಆ ಬೇಸಾಯದ ಬಗ್ಗೆಯೂ, ತೊಗಟೆಯ ಬಗ್ಗೆ ನನಗಿರುವ ಕಾಳಜಿಯ ಬಗ್ಗೆಯೂ ಇಲ್ಲಿ ವಿವರವಾಗಿ ಬರೆಯಬೇಕೆನಿಸಿದೆ.

ಗಿಡವನ್ನು ನೋಡದವರು ಇರಲಾರರು. ಇಂಥದ್ದೆಂದು ಗುರುತಿಸದವರು ಮಾತ್ರ ಹೆಚ್ಚು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಸಾಗರದಿಂದ ಹೊಸನಗರಕ್ಕೋ, ಹೊಸನಗರದಿಂದ ನಗರ, ಸಂಪೆಕಟ್ಟೆಗಳ ಕಡೆಗೋ ಹೋಗುವಾಗ ರಸ್ತೆಯ ಪಕ್ಕದ ಬೇಣದಲ್ಲಿ (ಹುಲ್ಲು ಬೆಳೆಯುವ ಜಾಗದಲ್ಲಿ), ಕುರುಚಲು ಕಾಡಿನ ಅಂಚಿನಲ್ಲಿ ಆಳೆತ್ತರದಿಂದ ಎರಡಾಳೆತ್ತರದವರೆಗಿನ ಗಿಡಗಳು ಬಿಳಿ ಹೂವಿನ ಗೊಂಚಲುಗಳನ್ನು ಹೊತ್ತು ನಿಂತಿರುತ್ತವೆ. ಅಡ್ಡಮಳೆ ಒಂದೆರಡು ಬಿದ್ದಿದ್ದರೆ ಆ ಬಿಳಿಯ ಜೊತೆಗೆ ಎಳೆಯ ಹಸಿರು ಎಲೆಯೂ ಸೇರಿರುತ್ತದೆ. ಸಂಸ್ಕೃತದಲ್ಲಿ ಇದು ಕುಟಜ, ಗಿರಿಮಲ್ಲಿಕಾ. ಹೊಸನಗರ ತಾಲ್ಲೂಕಿನಲ್ಲಿ 1343 ಮೀಟರ್ ಎತ್ತರಕ್ಕೆ ನಿಂತ ಕೊಡಚಾದ್ರಿಯನ್ನು ಕುಟಜಾದ್ರಿ ಎಂದು ಕರೆಯುವುದು ಈ ಗಿಡದಿಂದಲೇ. ಆದರೆ ಗಿಡವನ್ನು ಹುಡುಕಿಕೊಂಡು ಬೆಟ್ಟದ ತುದಿಗೆ ಹೋಗಬೇಕಾಗಿಲ್ಲ. ತುದಿಯ ಹುಲ್ಲುಗಾವಲು ಮತ್ತು ಕಣಿವೆಯ ದಟ್ಟ ಶೋಲಾ ಕಾಡುಗಳಿಗಿಂತ ಕೆಳಗಿನ ಬಿಸಿಲು ಬೀಳುವ ಇಳಿಜಾರುಗಳು, ಎಲೆ ಉದುರಿಸುವ ಕಾಡುಗಳು ಇದಕ್ಕೆ ಹೆಚ್ಚು ಒಗ್ಗುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ನೆರಳುಗಾಡಿನೊಳಗೆ ಕಾಣುವುದಕ್ಕಿಂತ ಹೆಚ್ಚಾಗಿ ಮಳೆ ಕಡಿಮೆಯಾಗುತ್ತ ಬರುವ ಪೂರ್ವದ ಅಂಚಿನಲ್ಲಿ ಇದು ಕಾಣಸಿಗುತ್ತದೆ. ಗಿಡ ಸಾಕುವವರು ಈ ಒಂದು ಸಂಗತಿಯನ್ನು ನೆನಪಿಟ್ಟರೆ ಅರ್ಧ ಕೆಲಸ ಆದಂತೆ: ಬಿಸಿಲು ಬೇಕು, ನೀರು ನಿಲ್ಲಬಾರದು.

ಕೊಡಸಿಗೆಯನ್ನು ಗುರುತಿಸುವುದನ್ನು ಸರಿಯಾಗಿ ಕಲಿಯದೆ ನೆಡಲು ಹೊರಡಬಾರದು, ಏಕೆಂದರೆ ಇದರ ಜೊತೆ ಬೆರೆತುಹೋಗುವ ಇನ್ನೊಂದು ಗಿಡ ನಮ್ಮಲ್ಲಿದೆ. ಕೊಡಸಿಗೆಯ ಎಲೆ ಎದುರುಬದುರಾಗಿ ಜೋಡಿಯಾಗಿ ಹುಟ್ಟುತ್ತದೆ, ಅಗಲವಾಗಿದೆ, ತೊಟ್ಟು ಗಿಡ್ಡ, ಅಡ್ಡನರಗಳು ಎದ್ದು ಕಾಣುತ್ತವೆ. ಎಲೆಯನ್ನು ಮುರಿದರೆ ಮುರಿದ ಬಾಯಲ್ಲಿ ಬಿಳಿಯ ಹಾಲು ಮೊದಲು ಒಂದು ಮಣಿಯಾಗಿ ನಿಂತು ಆಮೇಲೆ ಬೆರಳಿಗೆ ಅಂಟುತ್ತದೆ. ಹಾಲು ಬರುವುದೊಂದನ್ನೇ ಗುರುತಾಗಿ ಹಿಡಿದರೆ ಸಾಲದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರದಲ್ಲೂ ಹೀಗೆಯೇ ಹಾಲು ಬರುತ್ತದೆ, ಅದಕ್ಕೂ ಬಿಳಿ ಹೂವು, ಅದಕ್ಕೂ ಜೋಡಿ ಕಾಯಿ. ಅದರ ಎಲೆಯಿಂದ ಹಿಂದೆ ನೀಲಿ ಬಣ್ಣ ತೆಗೆಯುತ್ತಿದ್ದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹಾಲೆಯ ಹೂವಿನ ನಡುವೆ ಎಳೆಎಳೆಯಾದ ಬಿಳಿಯ ಕುಚ್ಚು ಎದ್ದು ನಿಂತಿರುತ್ತದೆ. ಕೊಡಸಿಗೆಯ ಹೂವಿನ ನಡುವೆ ಏನೂ ಇಲ್ಲ, ಸಣ್ಣ ಕೊಳವೆಯ ತುದಿಯಲ್ಲಿ ಐದು ಎಸಳು ಬಿಚ್ಚಿಕೊಂಡಿರುತ್ತವೆ, ಅಷ್ಟೆ. ಹಾಲೆಯ ಎಳೆಯ ಜೋಡಿ ಕಾಯಿಗಳ ತುದಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕೊಡಸಿಗೆಯ ಜೋಡಿ ಕಾಯಿಗಳು ಬುಡದಲ್ಲಿ ಕೂಡಿಕೊಂಡಿದ್ದರೂ ತುದಿಯಲ್ಲಿ ಬಿಡಿಬಿಡಿಯಾಗಿ, ಗೇಣಿನಿಂದ ಮೊಳದುದ್ದದವರೆಗೆ, ಮೈಮೇಲೆ ಸಣ್ಣ ಬಿಳಿ ಚುಕ್ಕೆಗಳನ್ನು ಹೊತ್ತು ಜೋತು ಬೀಳುತ್ತವೆ. ಬೀಜದ ರುಚಿಯೂ ಬೇರೆ. ಇಂದ್ರಜವ ಎಂಬ ಹೆಸರಿನಲ್ಲಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಕೊಡಸಿಗೆ ಬೀಜ ಕಟು ಕಹಿ. ಹಾಲೆಯ ಬೀಜಕ್ಕೆ ಆ ಕಹಿಯಿಲ್ಲ.

ಈ ಗೊಂದಲ ಇಂದಿನದಲ್ಲ. ಕೊಡಸಿಗೆಯ ತೊಗಟೆ ಹಿಂದೆ ತಲಚೇರಿ ತೊಗಟೆ ಎಂಬ ಹೆಸರಿನಲ್ಲಿ ಮಲಬಾರಿನಿಂದ ಯೂರೋಪಿಗೆ ಹೋಗುತ್ತಿತ್ತು. ರಕ್ತಭೇದಿಗೆ ಒಳ್ಳೆಯ ಮದ್ದೆಂದು ಹೆಸರು ಮಾಡಿದ್ದ ಆ ತೊಗಟೆಯ ಮೇಲೆ ಅಲ್ಲಿನವರಿಗೆ ಕ್ರಮೇಣ ನಂಬಿಕೆ ಹೋಯಿತು, ಏಕೆಂದರೆ ಹಾಲೆಯ ತೊಗಟೆಯೂ ಅದೇ ಹೆಸರಿನಲ್ಲಿ ಬೆರೆತು ಹೋಗುತ್ತಿತ್ತು, ಅದರಿಂದ ರೋಗಿಗೆ ಗುಣ ಕಾಣುತ್ತಿರಲಿಲ್ಲ. ಗಿಡವನ್ನು ಕಣ್ಣಾರೆ ಕಂಡು ತೆಗೆಯುವವನ ಕೈಯಿಂದ ಮದ್ದು ದೂರವಾದಷ್ಟೂ ಇಂಥ ಅನಾಹುತಕ್ಕೆ ದಾರಿ ಹೆಚ್ಚು. ಮನೆಯ ಹಿಂದೆಯೇ ಗಿಡವಿರಬೇಕೆಂದು ನಾನು ಹಟ ಹಿಡಿಯಲು ಇದೂ ಒಂದು ಕಾರಣ.

ಸಸಿ ಮಾಡುವುದು ಕಷ್ಟದ ಕೆಲಸವಲ್ಲ, ಆದರೆ ಬೀಜ ಹಿಡಿಯುವ ಹೊತ್ತು ತಪ್ಪಬಾರದು. ಕಾಯಿ ಬಲಿತು ಕಂದಾಗಿ, ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆಯಲ್ಲಿ ಒಂದು ಬದಿಯಲ್ಲಿ ಉದ್ದಕ್ಕೂ ಬಿರಿಯುತ್ತದೆ. ಒಳಗೆ ಜೋಡಿಸಿಟ್ಟ ಸಣ್ಣ ಕಂದು ಬೀಜಗಳು, ಪ್ರತಿ ಬೀಜದ ತುದಿಗೂ ರೇಷ್ಮೆಯಂಥ ನವಿರಾದ ಕೂದಲಿನ ಜುಟ್ಟು. ಬಿರಿದ ಕಾಯಿಯ ಮೇಲೆ ಗಾಳಿ ಆಡಿತೆಂದರೆ ಅರ್ಧ ಗಂಟೆಯಲ್ಲಿ ಕಾಯಿ ಬರಿದು. ಆದ್ದರಿಂದ ತುದಿ ಬಿರಿಯತೊಡಗಿದ ಕಾಯನ್ನೇ ತೊಟ್ಟಿನ ಸಹಿತ ಕತ್ತರಿಸಿ, ಬಟ್ಟೆಯ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ತೂಗುಹಾಕಬೇಕು. ಎರಡು ಮೂರು ದಿನಗಳಲ್ಲಿ ಅದು ಚೀಲದೊಳಗೇ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಂಗೈಗಳ ನಡುವೆ ಬೀಜವನ್ನು ಹಗುರವಾಗಿ ಉಜ್ಜಿದರೆ ಕೂದಲು ಬೇರೆಯಾಗುತ್ತದೆ. ಹಳೆಯ ಬೀಜವನ್ನು ನಂಬಬಾರದು. ಆ ವರ್ಷದ ಬೀಜವನ್ನು ಆ ವರ್ಷವೇ ಹಾಕಬೇಕು. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕಾಡುಮಣ್ಣು, ಮರಳು, ಹಳೆಯ ಸೆಗಣಿಗೊಬ್ಬರ ಬೆರೆಸಿ ತುಂಬಿದ ತೊಟ್ಟೆಗಳಲ್ಲಿ (ಸಸಿ ಬೆಳೆಸುವ ಚೀಲಗಳಲ್ಲಿ) ಬೆರಳ ಉಗುರಿನಷ್ಟು ಆಳಕ್ಕೆ ಊರಿ, ಮೇಲೆ ತೆಳುವಾಗಿ ದರಕು (ಒಣಗಿದ ಎಲೆ) ಮುಚ್ಚುತ್ತೇನೆ. ಮಣ್ಣು ಹಸಿಯಾಗಿರುವಷ್ಟು ನೀರು ಸಾಕು. ಎಳೆಯ ಸಸಿ ಮೊದಲ ಬೇಸಿಗೆಯಲ್ಲಿ ತೀಕ್ಷ್ಣ ಬಿಸಿಲನ್ನು ತಡೆಯುವುದಿಲ್ಲ, ಹಾಗಾಗಿ ತೊಟ್ಟೆಗಳನ್ನು ಮಾವಿನ ಮರದ ಚದುರಿದ ನೆರಳಿನಲ್ಲಿ ಇಡುವುದು ನನ್ನ ಪದ್ಧತಿ.

ಬೀಜಕ್ಕಿಂತ ಬೇಗದ ದಾರಿ ಬೇರಿನ ಮರಿ. ಬಲಿತ ಗಿಡದ ಸುತ್ತ, ಮೇಲ್ಮಣ್ಣಿನಲ್ಲಿ ಹರಡಿದ ಬೇರುಗಳಿಂದ ಮರಿಗಳು ಏಳುತ್ತವೆ. ಕಾಡುಬೆಂಕಿಯಲ್ಲಿ ಮೇಲಿನ ಗಿಡ ಸುಟ್ಟುಹೋದರೂ ಮುಂದಿನ ಮಳೆಗೆ ಕೊಡಸಿಗೆ ಮತ್ತೆ ಚಿಗುರುವುದು ಈ ಶಕ್ತಿಯಿಂದಲೇ. ಮಳೆ ಹಿಡಿದ ಮೇಲೆ ಅಂಥ ಮರಿಯನ್ನು ಬೇರಿನ ತುಂಡಿನ ಸಹಿತ ಎಬ್ಬಿಸಿ ನೆಟ್ಟರೆ ಬಹುಮಟ್ಟಿಗೆ ಹಿಡಿಯುತ್ತದೆ. ಆದರೆ ಎಲ್ಲವನ್ನೂ ಮರಿಯಿಂದಲೇ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮರಿಗಳೆಲ್ಲ ಒಂದೇ ತಾಯಿಗಿಡದ ಪಡಿಯಚ್ಚು. ಬೀಜದ ಸಸಿಗಳಲ್ಲಿ ಒಂದು ಮುಂಚೆ ಹೂ ಬಿಟ್ಟರೆ ಇನ್ನೊಂದು ತಡವಾಗಿ ಬಿಡುತ್ತದೆ, ಒಂದು ಮಳೆಗೆ ಸೊರಗಿದರೆ ಇನ್ನೊಂದು ನಿಲ್ಲುತ್ತದೆ. ಹೂವಿನ ಕಾಲ ಉದ್ದವಾಗಬೇಕೆಂದರೆ ಎರಡೂ ಬಗೆಯವು ಇರಬೇಕು.

ನೆಡುವುದಕ್ಕೆ ಮೃಗಶಿರೆ ಮಳೆ ಹಿಡಿದ ಮೇಲಿನ ದಿನಗಳು ಪ್ರಶಸ್ತ. ಒಂದೂವರೆ ಅಡಿ ಗುಂಡಿ ತೆಗೆದು, ಮೇಲ್ಮಣ್ಣು ಮತ್ತು ಗೊಬ್ಬರ ಬೆರೆಸಿ ತುಂಬಿ, ಬುಡ ಸುತ್ತಲಿನ ನೆಲಕ್ಕಿಂತ ತುಸು ಎತ್ತರವಿರುವಂತೆ ಏರಿಸಬೇಕು. ನಮ್ಮ ಜಂಬಿಟ್ಟಿಗೆ ಮಣ್ಣು ಇದಕ್ಕೆ ಅಡ್ಡಿಯಲ್ಲ. ಗುಂಡಿಯಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಧರೆಯ ಮೇಲೆ ನೆಡಲು ನಾನು ಆರಿಸಿಕೊಂಡದ್ದು ಇದಕ್ಕಾಗಿ. ನೀರು ಕೆಳಗಿನ ಅಗಳಕ್ಕೆ (ಕಂದಕಕ್ಕೆ) ಇಳಿದುಹೋಗುತ್ತದೆ, ಗಿಡದ ಬೇರು ಧರೆಯ ಮಣ್ಣನ್ನು ಹಿಡಿದುಕೊಳ್ಳುತ್ತದೆ. ಗಿಡದಿಂದ ಗಿಡಕ್ಕೆ ಹತ್ತು ಹನ್ನೆರಡು ಅಡಿ ಬಿಟ್ಟರೆ ಪೊದೆ ಹರಡಲು ಜಾಗ ಸಿಗುತ್ತದೆ. ಮೊದಲ ಎರಡು ವರ್ಷ ಬುಡದ ಕಳೆ ತೆಗೆಯುವುದು, ಬೇಸಿಗೆಯಲ್ಲಿ ದರಕು ಹಾಸುವುದು, ಒಂದಿಷ್ಟು ನೀರು ಹನಿಸುವುದು ಬಿಟ್ಟರೆ ಹೆಚ್ಚಿನ ಉಪಚಾರ ಬೇಡ. ಮೇವು ಬೇರೆ ಇರುವಾಗ ನಮ್ಮ ದನಗಳು ಈ ಕಹಿ ಸೊಪ್ಪಿನ ತಂಟೆಗೆ ಹೋಗುವುದಿಲ್ಲ. ಎಲೆ ತಿನ್ನುವ ಹುಳು ಕೆಲವು ವರ್ಷ ಬರುತ್ತದೆ. ಹೂವನ್ನು ಮನೆಯವರೆಲ್ಲ ತಿನ್ನುವ ಗಿಡಕ್ಕೆ ವಿಷ ಸಿಂಪಡಿಸುವ ಮಾತೇ ಇಲ್ಲ, ಕೈಯಿಂದ ಆರಿಸಿ ತೆಗೆಯುತ್ತೇವೆ. ಜನವರಿ, ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿ ಗಿಡ ಕಡ್ಡಿಯಾದಾಗ ಸತ್ತೇಹೋಯಿತೆಂದು ಗಾಬರಿಯಾಗಿ ನೀರು ಸುರಿಯುವವರನ್ನು ಕಂಡಿದ್ದೇನೆ. ಅದು ಗಿಡದ ವಿಶ್ರಾಂತಿಯ ಕಾಲ, ಹಾಗೆಯೇ ಬಿಡಬೇಕು.

ಕತ್ತರಿಸುವ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕೊಡಸಿಗೆಯ ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ. ಬೇಸಿಗೆಯಲ್ಲಿ ತುದಿ ಸವರಿದರೆ ಆ ವರ್ಷದ ಹೂವನ್ನೇ ಸವರಿದಂತೆ. ನಮ್ಮ ಸೊಪ್ಪಿನ ಬೆಟ್ಟಗಳಲ್ಲಿ ಕೊಡಸಿಗೆ ಇದ್ದೂ ಹೂ ಕಾಣದಿರುವುದಕ್ಕೆ ಇದೇ ಕಾರಣ ಎಂದು ನನ್ನ ತಿಳಿವಳಿಕೆ: ತೋಟಕ್ಕೆಂದು ವರ್ಷವರ್ಷವೂ ಸೊಪ್ಪು ಕಡಿಯುವಾಗ ಇದು ಇಂಥ ಗಿಡ ಎಂದು ಯಾರೂ ನೋಡುವುದಿಲ್ಲ, ಕತ್ತಿ ಎಟುಕಿದ ರೆಂಬೆಯೆಲ್ಲ ಹೊರೆಗೆ ಸೇರುತ್ತದೆ. ಗಿಡ ಸಾಯುವುದಿಲ್ಲ, ಬುಡದಿಂದ ಚಿಗುರುತ್ತಲೇ ಇರುತ್ತದೆ, ಆದರೆ ಹೂ ಬಿಡುವಷ್ಟು ಬಲಿಯಲು ಅದಕ್ಕೆ ಬಿಡುವು ಸಿಗುವುದಿಲ್ಲ. ನಾನು ಹೂವಿನ ಕಾಲ ಮುಗಿದ ಕೂಡಲೇ, ಮಳೆಯ ಆರಂಭದಲ್ಲಿ, ಅರ್ಧದಷ್ಟು ರೆಂಬೆಗಳನ್ನು ಮಾತ್ರ ಮೊಟಕು ಮಾಡುತ್ತೇನೆ. ಮಳೆಗಾಲ ಪೂರ್ತಿ ಬೆಳೆದ ಹೊಸ ಚಿಗುರು ಮುಂದಿನ ಬೇಸಿಗೆಗೆ ಕೈಗೆಟುಕುವ ಎತ್ತರದಲ್ಲಿ ಹೂ ಕೊಡುತ್ತದೆ; ಮುಟ್ಟದೆ ಬಿಟ್ಟ ರೆಂಬೆಗಳಲ್ಲಿ ಕಾಯಿ ಕಟ್ಟಿ ಬೀಜವಾಗುತ್ತದೆ. ಮುಂದಿನ ವರ್ಷ ಸರದಿ ಬದಲಾಗುತ್ತದೆ.

ಹೂ ಕೊಯ್ಯುವುದು ಬೆಳಿಗ್ಗೆ. ಬುಡಕ್ಕೆ ಹಳೆಯ ಪಂಚೆಯೊಂದನ್ನು ಹಾಸಿ ರೆಂಬೆಯನ್ನು ಮೆಲ್ಲನೆ ಅಲುಗಿಸಿದರೆ ಅರಳಿ ತಯಾರಾದ ಹೂವು ತಾನಾಗಿ ಉದುರುತ್ತದೆ. ಮೊಗ್ಗು ಗಿಡದಲ್ಲೇ ಉಳಿಯುತ್ತದೆ. ಗೊಂಚಲನ್ನೇ ಚಿವುಟಿದರೆ ಬೇಗ ಬುಟ್ಟಿ ತುಂಬುತ್ತದೆ, ನಿಜ; ಆದರೆ ನಾಳೆಯ ಹೂವೂ, ಬರುವ ವರ್ಷದ ಬೀಜವೂ ಆ ಬುಟ್ಟಿಯಲ್ಲೇ ಹೋಗುತ್ತವೆ. ಕೊಯ್ದ ಹೂವನ್ನು ಮೊರದಲ್ಲಿ ತೆಳುವಾಗಿ ಹರವಿ ನೆರಳಿನಲ್ಲಿ ಒಣಗಿಸಬೇಕು. ಆ ದಿನಗಳಲ್ಲಿ ಸಂಜೆಯ ಅಡ್ಡಮಳೆ ಹೇಳದೆ ಬರುವುದರಿಂದ ಮೊರವನ್ನು ಒಳಗೆ ತರುವವರೊಬ್ಬರು ಮನೆಯಲ್ಲಿರಬೇಕು. ಬಿಳಿಯಿದ್ದದ್ದು ಮೊದಲು ಕೆನೆಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗಿ, ಮೊರ ತುಂಬಿದ್ದ ಹೂವು ಒಂದು ಬೊಗಸೆಗೆ ಇಳಿಯುತ್ತದೆ. ಹಿಡಿದು ಹಿಸುಕಿದರೆ ಪುಡಿಯಾಗುವಷ್ಟು ಒಣಗಿದ ಮೇಲೆ ಡಬ್ಬಿಗೆ ತುಂಬಿ, ಒಲೆಯ ಮೇಲಿನ ಅಟ್ಟದಲ್ಲಿಡುತ್ತೇವೆ. ಬೂಸಲು ಬರದಂತೆ ಕಾಯುವುದಕ್ಕೆ ಆ ಜಾಗಕ್ಕಿಂತ ಒಳ್ಳೆಯದು ಮಲೆನಾಡಿನ ಮನೆಯಲ್ಲಿಲ್ಲ.

ಇಷ್ಟೆಲ್ಲ ಮಾಡುವುದು ಆಷಾಢದ ತಂಬುಳಿಗಾಗಿ. ಒಂದು ಸಣ್ಣ ಹಿಡಿ ಒಣಹೂವನ್ನು ಅರ್ಧ ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಜೊತೆಗೆ ಜೀರಿಗೆ, ನಾಲ್ಕೈದು ಕಾಳುಮೆಣಸು. ಹೂವು ಗರಿಗರಿಯಾಗುತ್ತಿದ್ದಂತೆ ಹುರಿದ ಕಾಫಿಯನ್ನು ನೆನಪಿಸುವ ಒಂದು ಕಹಿಗಂಪು ಏಳುತ್ತದೆ. ಅದೇ ಗುರುತು, ಒಡನೆಯೇ ಇಳಿಸಬೇಕು, ಕರಿದಾದರೆ ಕಹಿ ಹೆಚ್ಚುತ್ತದೆ. ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಕದಡಿ, ಉಪ್ಪು ಹಾಕಿ, ಸಾಸಿವೆ ಮತ್ತು ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿಯಾಯಿತು, ಕುದಿಸುವುದಿಲ್ಲ. ಊಟದ ಮೊದಲಿಗೆ ಬಿಸಿ ಅನ್ನಕ್ಕೆ ಕಲಸಿಕೊಂಡು ಉಣ್ಣಬೇಕು. ಮಳೆ ಜಡಿ ಹಿಡಿದು, ಕುಡಿಯುವ ನೀರು ಕೆಂಪಾಗಿ, ಊರಿನಲ್ಲಿ ಒಬ್ಬರಲ್ಲ ಒಬ್ಬರಿಗೆ ಹೊಟ್ಟೆ ಕೆಡುವ ಆ ತಿಂಗಳುಗಳಲ್ಲಿ ನಮ್ಮ ಹಿರಿಯರು ಇದನ್ನು ಊಟದ ಕ್ರಮದೊಳಗೇ ಸೇರಿಸಿದ್ದರು. ರೋಗ ಬಂದ ಮೇಲೆ ಕುಡಿಯುವ ಮದ್ದಲ್ಲ ಇದು, ಬಾರದಿರಲೆಂದು ರುಚಿಯಾಗಿಸಿ ಉಂಡ ಆಹಾರ. ನನ್ನ ಅತ್ತೆಯವರು ಇಂದಿಗೂ ಇದಕ್ಕೆ ಮದ್ದು ಎಂದು ಹೇಳುವುದಿಲ್ಲ, "ಮಳೆಗಾಲದ ತಂಬುಳಿ" ಎಂದೇ ಹೇಳುತ್ತಾರೆ.

ಮದ್ದಿನ ಮಾತು ಬೇರೆ. ಆಯುರ್ವೇದದಲ್ಲಿ ಅತಿಸಾರಕ್ಕೆ, ರಕ್ತ ಬೀಳುವ ಭೇದಿಗೆ ಕುಟಜದ ತೊಗಟೆ ಪ್ರಧಾನ ದ್ರವ್ಯ. ಕುಟಜಾರಿಷ್ಟ, ಕುಟಜ ಘನವಟಿ ಎಂದು ಅಂಗಡಿಗಳಲ್ಲಿ ಸಿಗುವವು ಇದರಿಂದ ಆದವು. ಅರಿಷ್ಟದಲ್ಲಿ ತೊಗಟೆಯ ಕಷಾಯಕ್ಕೆ ಬೆಲ್ಲ ಸೇರಿಸಿ, ಧಾತಕಿ ಹೂವು ಹಾಕಿ ಹುಳಿಯಲು ಬಿಡುತ್ತಾರೆ. ದ್ರಾಕ್ಷಿ, ಇಪ್ಪೆಹೂವುಗಳೂ ಅದರಲ್ಲಿ ಸೇರುತ್ತವೆ. ತೊಗಟೆಯಲ್ಲಿರುವ ಕೊನೆಸ್ಸಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿ ಕಳೆದ ಶತಮಾನದಲ್ಲಿ ಆಧುನಿಕ ವೈದ್ಯರೂ ಅಮೀಬಾದ ಆಮಶಂಕೆಗೆ ಕೊಟ್ಟಿದ್ದುಂಟು. ಹೆಚ್ಚು ಪ್ರಮಾಣದಲ್ಲಿ ನರಮಂಡಲದ ಮೇಲೆ ದುಷ್ಪರಿಣಾಮ ಕಂಡುಬಂದು ಅದರ ಬಳಕೆ ಹಿಂದೆ ಸರಿಯಿತು. ಇಷ್ಟು ತೀಕ್ಷ್ಣವಾದ ವಸ್ತುವನ್ನು ಹಿತ್ತಿಲಿನಲ್ಲಿದೆ ಎಂಬ ಸಲಿಗೆಯಿಂದ ಕುದಿಸಿ ಕುಡಿಯಬಾರದು, ಬಲ್ಲ ವೈದ್ಯರು ಅಳೆದು ಕೊಟ್ಟದ್ದನ್ನೇ ಕುಡಿಯಬೇಕು. ಮಗುವಿಗೆ ಭೇದಿ ಹತ್ತಿದರೆ, ರಕ್ತ ಕಂಡರೆ, ಜ್ವರ ಬಂದರೆ ಮೊದಲು ಓಆರ್‌ಎಸ್ ನೀರು ಕುಡಿಸುತ್ತ ಆಸ್ಪತ್ರೆಗೆ ಹೋಗಬೇಕು. ತಂಬುಳಿಯ ಮೇಲೆ ನನಗೆಷ್ಟು ಅಭಿಮಾನವಿದ್ದರೂ ಈ ಮಾತನ್ನು ಸ್ಪಷ್ಟವಾಗಿ ಹೇಳದಿರಲಾರೆ.

ತೊಗಟೆಗೆ ಬೇಡಿಕೆ ಇರುವುದರಿಂದಲೇ ಕಾಡಿನ ಗಿಡಕ್ಕೆ ಕುತ್ತು. ಎಲೆಗಳು ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತ ಒಂದು ಬಳೆಯಷ್ಟು ಅಗಲ ಸುಲಿದುಬಿಟ್ಟರೂ ಆ ದಾರಿ ಪೂರ್ತಿ ಕಡಿದುಹೋಗುತ್ತದೆ. ಮೇಲೆ ಹಸಿರಿದ್ದಂತೆ ಕಂಡರೂ ಬೇರು ಉಪವಾಸ ಬಿದ್ದು, ಸುಲಿದ ಕಾಂಡ ಕ್ರಮೇಣ ಒಣಗುತ್ತದೆ. ಬೇಣದಲ್ಲಿ ಹೀಗೆ ಎದೆಯೆತ್ತರದವರೆಗೆ ಸುಲಿಸಿಕೊಂಡು ನಿಂತ ಕೊಡಸಿಗೆಗಳನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬುಡದಿಂದ ಮತ್ತೆ ಚಿಗುರಬಲ್ಲ ಗಿಡವನ್ನು ಹೀಗೆ ನಿಲ್ಲಿಸಿ ಕೊಲ್ಲುವ ಅಗತ್ಯವೇ ಇಲ್ಲ. ಎಂಟು ಹತ್ತು ವರ್ಷ ಬಲಿತ ಗಿಡದ ಒಂದು ಕಾಂಡವನ್ನು ನೆಲದಿಂದ ಗೇಣೆತ್ತರ ಬಿಟ್ಟು ಹರಿತವಾದ ಕತ್ತಿಯಿಂದ ಓರೆಯಾಗಿ ಕಡಿದು, ಕಡಿದ ಕಾಂಡದಿಂದಲೇ ತೊಗಟೆ ಬಿಡಿಸಿಕೊಂಡರೆ ತೊಗಟೆಯೂ ಪೂರ್ತಿ ಸಿಗುತ್ತದೆ, ಕೂಳೆಯೂ ಚಿಗುರುತ್ತದೆ. ಮಳೆಗಾಲದ ನಡುವೆ ತೊಗಟೆ ಸಲೀಸಾಗಿ ಬಿಡುವುದರಿಂದ ಅದೇ ಸರಿಯಾದ ಕಾಲ.

ನಮ್ಮ ಊರಿನ ಹಿರಿಯ ನಾಟಿ ವೈದ್ಯರೊಬ್ಬರ ಹತ್ತಿರ ಮೊದಲ ಬೀಜ ಕೇಳಲು ಹೋದಾಗ ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ತೊಗಟೆ ಬೇಕು ಅಂತ ಬರೋರು ಬೇಕಾದಷ್ಟು ಜನ ಇದಾರೆ ತಂಗಿ, ಗಿಡ ಬೇಕು ಅಂತ ಬರೋರು ಕಡಿಮೆ" ಎಂದಿದ್ದರು. ಚೀಲ ತುಂಬ ಕಾಯಿ ಕೊಟ್ಟು, ದುಡ್ಡು ಮುಟ್ಟಲಿಲ್ಲ. ಅವರಿಗೆ ಈಗ ಬೆಟ್ಟ ಹತ್ತಿ ತೊಗಟೆ ತರುವ ಶಕ್ತಿಯಿಲ್ಲ, ತರಿಸಿದರೆ ಹಾಲೆಯದು ಬೆರೆತು ಬರುತ್ತದೆಂಬ ಅನುಮಾನ ಬೇರೆ. ಅವರ ಬೀಜದಿಂದ ಎದ್ದ ಗಿಡಗಳಲ್ಲಿ ಹಳೆಯದೊಂದು ಈಗ ಮೂರು ಕಾಂಡ ಒಡೆದು ತೋಳಿನಷ್ಟು ದಪ್ಪವಾಗಿದೆ. ಈ ಸಲ ಪುಷ್ಯ ಮಳೆಯ ಹೊತ್ತಿಗೆ ಅದರ ಒಂದು ಕಾಂಡವನ್ನು ಕಡಿದು, ತೊಗಟೆಯನ್ನು ಅವರಿಗೆ ತಲುಪಿಸುವುದೆಂದು ನಿಶ್ಚಯಿಸಿದ್ದೇವೆ. ಉಳಿದೆರಡು ಕಾಂಡಗಳು ಹೂವಿಗೆ ಇರುತ್ತವೆ. ಕೂಳೆಯ ಚಿಗುರು ಮೊಳದುದ್ದ ಆದ ಮೇಲೆ ಗಟ್ಟಿಯಾದ ಎರಡನ್ನು ಉಳಿಸಿ ಮಿಕ್ಕವನ್ನು ಸವರಬೇಕು, ಅದು ಮತ್ತೆ ಬಲಿಯುವವರೆಗೆ ಆ ಬುಡಕ್ಕೆ ಕತ್ತಿ ತಾಗಿಸಬಾರದು. ಸೊಪ್ಪಿನ ಬೆಟ್ಟದಲ್ಲಿರುವ ಕೊಡಸಿಗೆಗಳಿಗೂ ಈ ವರ್ಷ ಬಣ್ಣದ ದಾರ ಕಟ್ಟಿದ್ದೇನೆ. ಸೊಪ್ಪು ಕಡಿಯಲು ಬರುವವರಿಗೆ ದಾರ ಕಂಡ ಗಿಡ ಬಿಡಬೇಕೆಂದು ಹೇಳಿಯಾಗಿದೆ, ಅವರೂ ಒಪ್ಪಿದ್ದಾರೆ. ತೊಟ್ಟೆಯಲ್ಲಿ ಉಳಿದಿರುವ ಸಸಿಗಳು ಮೃಗಶಿರೆಗೆ ನೆಡಲು ತಯಾರಿವೆ. ಜಾಗವಿದ್ದು, ಹೂವು ಬರುವವರೆಗೆ ಕಾಯುತ್ತೇವೆನ್ನುವವರು ಬಂದು ತೆಗೆದುಕೊಂಡು ಹೋಗಬಹುದು.